ಹುಲ್ಲುಗಾವಲಿನ ಹೊಸ ಮನೆಯಲ್ಲಿ ಇಲಿ, ಜಿರಳೆ, ಇರುವೆಗಳನ್ನು ಹೊರಗಿಡುವ ಬಗೆ

ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದಿಂದ ಉತ್ತರಕ್ಕೆ ಸುಮಾರು 65 ಕಿ.ಮೀ. ದೂರದಲ್ಲಿರುವ ಸಲೈನಾ, 2010ರ ಜನಗಣತಿಯ ವೇಳೆಗೆ ಆರು ಸಾವಿರ ಜನರಿದ್ದ ಸಣ್ಣ ಊರು. 2020ರಲ್ಲಿ ಅಲ್ಲಿನ ಜನಸಂಖ್ಯೆ 16,739ಕ್ಕೆ ಏರಿತು. 2023ರ ಜುಲೈವರೆಗಿನ ಒಂದೇ ವರ್ಷದಲ್ಲಿ ಶೇ 26.6ರಷ್ಟು ಬೆಳೆದು, ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಅಮೆರಿಕದ ನಗರಗಳಲ್ಲೆಲ್ಲ ಅತಿ ವೇಗವಾಗಿ ಬೆಳೆದ ಊರು ಎನಿಸಿತು. ಇಲ್ಲಿಗೂ ಪಕ್ಕದ ಪ್ರಾಸ್ಪರ್, ಫ್ರಿಸ್ಕೊಗಳಿಗೂ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಹಾಲು ಉಕ್ಕಿಸಿ ಮೂರು ತಿಂಗಳು ಕಳೆಯುವುದರೊಳಗೆ ಅಡುಗೆಮನೆಯ ಕಪಾಟಿನಲ್ಲಿ ಹಿಕ್ಕೆ ಕಂಡು ಕಂಗಾಲಾದ ಎಷ್ಟೋ ಮನೆಗಳಿಗೆ ನಾನು ಟಾರ್ಚ್ ಹಿಡಿದು ಹೋಗಿದ್ದೇನೆ. ಹೆಚ್ಚು ಕಡಿಮೆ ಎಲ್ಲರೂ ಮೊದಲು ಅಂಗಡಿಯಿಂದ ವಿಷ ತಂದಿರುತ್ತಾರೆ, ಆಮೇಲೆ ಬೋನು ತಂದಿರುತ್ತಾರೆ. ಇಲಿ ನುಗ್ಗುವ ಕಂಡಿಯನ್ನು ಮಾತ್ರ ಯಾರೂ ಹುಡುಕಿರುವುದಿಲ್ಲ. ಈ ಕ್ರಮವನ್ನು ತಿರುವು ಮುರುವು ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಮನೆ ಕೊಳಕಾಗಿದ್ದುದರಿಂದ ಇಲಿ ಬಂತೆಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ಈಗ ನಿಮ್ಮ ಮನೆ ನಿಂತಿರುವ ಜಾಗ ಕೆಲವೇ ವರ್ಷಗಳ ಹಿಂದೆ ಗೋಧಿ, ಮೆಕ್ಕೆಜೋಳದ ಹೊಲವೋ ದನ ಮೇಯುವ ಬಯಲೋ ಆಗಿತ್ತು. ಬೇಲಿಯಾಚೆಯ ಹೊಲದಲ್ಲಿ ಬಣ್ಣದ ಪಟ್ಟಿ ಕಟ್ಟಿದ ಗೂಟಗಳು ಎದ್ದು, ಮಣ್ಣು ಮಟ್ಟ ಮಾಡುವ ಯಂತ್ರಗಳು ಬಂದವೆಂದರೆ, ಅಲ್ಲಿ ಬಿಲ ತೋಡಿಕೊಂಡಿದ್ದ ಇಲಿಗಳೆಲ್ಲ ಹತ್ತಿರದ ಗೋಡೆಯ ಕಡೆಗೆ ಹೊರಡುತ್ತವೆ. ಇದರ ಜೊತೆಗೆ ಮಣ್ಣಿನ ಗುಣವೂ ಸೇರುತ್ತದೆ. ಈ ಸೀಮೆಯ ನೆಲ ಗದಗ, ಧಾರವಾಡದ ಕಡೆಯ ನಮ್ಮ ಎರೆಭೂಮಿಯ ಜಾತಿಯದೇ: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಆಗಸ್ಟ್ ತಿಂಗಳಲ್ಲಿ ಅಡಿಪಾಯದ ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಮನೆ ಒಂದಿಷ್ಟು ವಾಲುತ್ತದೆ, ಬಾಗಿಲ ಮೂಲೆಗಳಲ್ಲಿ ಬೆಳಕು ಕಾಣತೊಡಗುತ್ತದೆ. ಹೊಸ ಮನೆಯೆಂಬ ಭರವಸೆ ಇಲ್ಲಿ ಕೆಲಸಕ್ಕೆ ಬಾರದು.

ಮೊದಲ ಹಂತ: ಬಂದಿರುವುದು ಯಾರು?

ಅಕ್ಕಿಕಾಳಿನಷ್ಟು ಅಥವಾ ಅದಕ್ಕಿಂತ ಚಿಕ್ಕದಾದ, ತುದಿ ಚೂಪಾದ ಕಪ್ಪು ಹಿಕ್ಕೆಯಾದರೆ ಸಣ್ಣ ಇಲಿ. ಅದರ ಎರಡು ಮೂರು ಪಟ್ಟು ದೊಡ್ಡದಾದರೆ ಹೆಗ್ಗಣದ ಜಾತಿ. ಕಾಫಿ ಪುಡಿ ಚೆಲ್ಲಿದಂತೆ ಕಂಡರೆ ಜಿರಳೆ. ಸಂಶಯವಿದ್ದರೆ ರಾತ್ರಿ ಗೋಡೆಯ ಬದಿಗೆ ತೆಳುವಾಗಿ ಮೈದಾ ಹಿಟ್ಟು ಉದುರಿಸಿ, ಬೆಳಿಗ್ಗೆ ಹೆಜ್ಜೆ ಗುರುತು ನೋಡಿದರೆ ಸಾಕು.

ಎರಡನೆಯ ಹಂತ: ಕಂಡಿ ಹುಡುಕಿ ಮುಚ್ಚುವುದು

ಎಲ್ಲರೂ ಎಡವುವುದು ಈ ಹಂತದಲ್ಲಿಯೇ; ಒಂದು ಇಡೀ ಶನಿವಾರವನ್ನು ಇದಕ್ಕಾಗಿ ತೆಗೆದಿಡಬೇಕು. ಸಣ್ಣ ಇಲಿಗೆ ಒಳಬರಲು ಆರು ಮಿಲಿಮೀಟರ್ ಸಂದು ಸಾಕು. ಆದ್ದರಿಂದ ಅಳತೆಗೋಲಿನ ಬದಲು ಕೈಯಲ್ಲೊಂದು ಸಾಮಾನ್ಯ ಪೆನ್ಸಿಲ್ ಇರಲಿ: ಅದು ತೂರುವ ಪ್ರತಿಯೊಂದು ತೂತನ್ನೂ ಇಲಿಯ ಬಾಗಿಲೆಂದೇ ಎಣಿಸಿ, ಬಣ್ಣದ ಟೇಪಿನ ತುಂಡು ಅಂಟಿಸುತ್ತಾ ಸಾಗಬೇಕು. ಮನೆಯ ಹೊರಸುತ್ತನ್ನು ಒಂದು ಮೂಲೆಯಿಂದ ಆರಂಭಿಸಿ, ಗೋಡೆಗೆ ಬೆನ್ನು ಮಾಡದೆ, ಮಂಡಿಯೂರಿ ನೋಡುತ್ತಾ ಪೂರ್ಣ ಸುತ್ತಬೇಕು. ನಿಂತುಕೊಂಡೇ ಒಂದು ಪ್ರದಕ್ಷಿಣೆ ಹಾಕಿ ‘ಏನೂ ಇಲ್ಲ’ ಎಂದು ಹೇಳಿದವರ ಮನೆಯಲ್ಲಿ ನಾನು ಹನ್ನೊಂದು ಕಂಡಿಗಳನ್ನು ಎಣಿಸಿದ್ದೇನೆ.

ಮೊದಲು ನೋಡಬೇಕಾದುದು ಹವಾನಿಯಂತ್ರಕದ ತಾಮ್ರದ ಕೊಳವೆ ಗೋಡೆಯೊಳಗೆ ಹೋಗುವ ಜಾಗ. ಮನೆ ಕಟ್ಟಿದವರು ಅಲ್ಲಿ ಜೇಡಿಮಣ್ಣಿನಂಥ ಮೆತ್ತನೆಯ ಪುಟ್ಟಿಯನ್ನು ಮೆತ್ತಿರುತ್ತಾರೆ. ಒಂದೆರಡು ಬೇಸಿಗೆ ಕಳೆದರೆ ಅದು ಒಣಗಿ, ಸೀಳಿ, ಚಕ್ಕೆಯಾಗಿ ಕೆಳಗೆ ಬಿದ್ದಿರುತ್ತದೆ. ನನ್ನ ಮನೆಯಲ್ಲಿ ಅಡುಗೆಮನೆಯ ಸಂದುಗಳನ್ನೆಲ್ಲ ಮುಚ್ಚಿದ ಮೇಲೂ ಎರಡು ವಾರ ಗೋಡೆಯೊಳಗೆ ಕೆರೆಯುವ ಸದ್ದು ನಿಲ್ಲದಿದ್ದುದಕ್ಕೆ ಕಾರಣ ಈ ಒಂದು ತೂತು. ಹೊರಗಿನ ಕೊಳವೆಯ ಕಪ್ಪು ಹೊದಿಕೆಯನ್ನು ಪಕ್ಕಕ್ಕೆ ಸರಿಸಿ ನೋಡಿದಾಗ, ತೂತಿನ ಕೆಳ ಅಂಚು ಎಣ್ಣೆ ಕೈ ಸವರಿದಂತೆ ಕಪ್ಪಗೆ ಮಿರುಗುತ್ತಿತ್ತು. ಅದು ಇಲಿಯ ಮೈ ಪದೇ ಪದೇ ಉಜ್ಜಿ ಆದ ಜಿಡ್ಡು. ಅದನ್ನು ಕಂಡಲ್ಲಿ ಬೇರೆ ಸಾಕ್ಷಿ ಬೇಡ.

ಮುಂದಿನದು ಗ್ಯಾರೇಜ್ ಬಾಗಿಲು. ನಡುಹಗಲಿನಲ್ಲಿ ಬಾಗಿಲು ಹಾಕಿ, ದೀಪ ಆರಿಸಿ, ಒಳಗೆ ನಿಂತು ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾಯಬೇಕು. ಕೆಳಗಿನ ಎರಡು ಮೂಲೆಗಳಲ್ಲಿ ಬೆಳಕಿನ ತ್ರಿಕೋನ ಕಂಡರೆ ರಬ್ಬರ್ ಪಟ್ಟಿಯನ್ನು ಇಲಿ ಕಡಿದಿದೆ ಅಥವಾ ನೆಲ ಕುಸಿದಿದೆ ಎಂದು ತಿಳಿಯಬೇಕು. ಒಳಗೆ ಉಕ್ಕಿನ ಜಾಲರಿ ಇರುವ ಪಟ್ಟಿಗಳು ದೊರೆಯುತ್ತವೆ. ಬರಿಯ ರಬ್ಬರಿನದನ್ನು ಮತ್ತೆ ಕೊಳ್ಳುವುದು ಹಣ ದಂಡ.

ಮೂರನೆಯದು ಅಡುಗೆಮನೆಯ ಒಲೆಯ ಹಿಂಭಾಗ. ಭಾರವಾದ ಒಲೆಯನ್ನು ಎಳೆದು ಗ್ಯಾಸ್ ಕೊಳವೆಗೆ ಪೆಟ್ಟು ಮಾಡುವ ಬದಲು, ಕೆಳಗಿನ ಸೆಳೆಖಾನೆಯನ್ನು ಪೂರ್ತಿ ಹೊರತೆಗೆದು ನೆಲಕ್ಕೆ ಕೆನ್ನೆಯಿಟ್ಟು ಟಾರ್ಚ್ ಬಿಟ್ಟರೆ ಎಲ್ಲವೂ ಕಾಣುತ್ತದೆ. ಹೆಬ್ಬೆರಳು ದಪ್ಪದ ಕೊಳವೆಗೆ ಮುಷ್ಟಿ ಗಾತ್ರದ ತೂತು ಕೊರೆದು ಹಾಗೆಯೇ ಬಿಟ್ಟಿರುವುದನ್ನು ನಾನು ಹೊಸ ಮನೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಸಿಂಕಿನ ಕೆಳಗಿನ ನೀರಿನ ಕೊಳವೆ, ಬಟ್ಟೆ ಒಣಗಿಸುವ ಯಂತ್ರದ ಗಾಳಿಗಂಡಿ ಇವುಗಳನ್ನೂ ಇದೇ ರೀತಿ ನೋಡಬೇಕು.

ಮುಚ್ಚುವುದಕ್ಕೆ ತಾಮ್ರದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿಯನ್ನೇ ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಜಾಲರಿಯನ್ನು ಕತ್ತರಿಸಿ, ತೂತಿಗಿಂತ ಎರಡರಷ್ಟು ದಪ್ಪಗೆ ಉಂಡೆ ಮಾಡಿ, ಸ್ಕ್ರೂಡ್ರೈವರಿನಿಂದ ಒಳಗೆ ಒತ್ತಿ, ಹೊರಗಿನಿಂದ ಸೀಲಂಟ್ (ಸಂದು ಮುಚ್ಚುವ ಅಂಟು) ಬಳಿಯಬೇಕು. ಎಳೆದರೆ ಅದು ಕೈಗೆ ಬರಬಾರದು. ಅಂಗಡಿಯಲ್ಲಿ ಸಿಗುವ ಉಬ್ಬುವ ಫೋಮನ್ನಷ್ಟೇ ತುಂಬಿ ತೃಪ್ತಿಪಡುವವರು ಬಹಳ. ಇಲಿ ಅದನ್ನು ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಪಾತ್ರೆ ತಿಕ್ಕುವ ಸಾದಾ ಉಕ್ಕಿನ ನಾರು ತಾತ್ಕಾಲಿಕವಾಗಿ ಸರಿ, ಆದರೆ ಹೊರಗೋಡೆಯಲ್ಲಿ ತುಕ್ಕು ಹಿಡಿದು ಇಟ್ಟಿಗೆಯ ಮೇಲೆ ಕೆಂಪು ಕಲೆ ಇಳಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಇಟ್ಟಿಗೆ ಗೋಡೆಯ ತಳದ ಸಾಲಿನಲ್ಲಿ, ಎರಡು ಇಟ್ಟಿಗೆಗಳ ನಡುವೆ ಗಾರೆಯಿಲ್ಲದೆ ಬಿಟ್ಟ ಲಂಬವಾದ ಸೀಳುಗಳು ಅಲ್ಲಲ್ಲಿ ಕಾಣುತ್ತವೆ. ಅವು ಕಟ್ಟುವವರ ತಪ್ಪಲ್ಲ. ಇಟ್ಟಿಗೆಯ ಹಿಂದೆ ಇಳಿದ ನೀರು ಹೊರಹೋಗಲು, ಗಾಳಿಯಾಡಲು ಬಿಟ್ಟ ದಾರಿ. ಇಲಿ, ಚೇಳು, ದೊಡ್ಡ ಕಂದು ಜಿರಳೆ ಮೂರೂ ಅಲ್ಲಿಂದಲೇ ಬರುವುದು ನಿಜವಾದರೂ, ಅವನ್ನು ಸಿಮೆಂಟಿನಿಂದಾಗಲಿ ಸೀಲಂಟಿನಿಂದಾಗಲಿ ಮುಚ್ಚಿದರೆ ಗೋಡೆಯೊಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಮರ ಕೊಳೆಯುತ್ತದೆ. ಆ ಸೀಳುಗಳಿಗೆ ಜಾಲರಿಯನ್ನು ಸಡಿಲವಾಗಿ, ನೀರು ಸೋರುವಂತೆ ತುರುಕಿದರೆ ಸಾಕು, ಸೀಲಂಟ್ ಕೂಡದು.

ಮೂರನೆಯ ಹಂತ: ಒಳಗುಳಿದವನ್ನು ಹಿಡಿಯುವುದು

ಹೊರಗಿನ ದಾರಿ ಮುಚ್ಚಿದ ರಾತ್ರಿಯೇ ಬೋನುಗಳನ್ನು ಇಡಬೇಕು. ಒಂದು ಬೋನಿಟ್ಟು ವಾರವಿಡೀ ಕಾಯುವುದು ತಪ್ಪು, ಏಕೆಂದರೆ ಹೆಣ್ಣಿಲಿ ಸುಮಾರು ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ಮೊದಲ ರಾತ್ರಿಯೇ ಕನಿಷ್ಠ ಆರು ಸ್ಪ್ರಿಂಗ್ ಬೋನುಗಳು ಇರಲಿ. ಅವುಗಳನ್ನು ಗೋಡೆಗೆ ಅಡ್ಡಲಾಗಿ, ತಿಂಡಿಯ ತುದಿ ಗೋಡೆಗೆ ತಾಗುವಂತೆ, ಎರಡೆರಡು ಮೀಟರ್ ಅಂತರದಲ್ಲಿ ಇಡಬೇಕು, ಏಕೆಂದರೆ ಇಲಿ ಗೋಡೆಗೆ ಮೈ ತಾಗಿಸಿಕೊಂಡೇ ಓಡಾಡುತ್ತದೆ. ಇಲ್ಲಿನವರು ಪೀನಟ್ ಬಟರ್ ಹಚ್ಚುತ್ತಾರೆ. ಹಚ್ಚುವುದಾದರೆ ಹೆಸರುಕಾಳಿನಷ್ಟು ಸಾಕು, ಹೆಚ್ಚಾದರೆ ಅಂಚಿನಿಂದಲೇ ನೆಕ್ಕಿಕೊಂಡು ಹೋಗುತ್ತದೆ. ನಾನು ಮಾತ್ರ ನಮ್ಮೂರಿನ ಕ್ರಮದಂತೆ ಕೆಂಡದ ಮೇಲೆ ಸುಟ್ಟ ಕೊಬ್ಬರಿಯ ಚೂರನ್ನು ದಾರದಿಂದ ಬಿಗಿದು ಕಟ್ಟುತ್ತೇನೆ. ಎಳೆಯದೆ ಅದು ಬರುವುದಿಲ್ಲ, ಎಳೆದರೆ ಬೋನು ಬೀಳುತ್ತದೆ. ಕೊಲ್ಲಲು ಮನಸ್ಸಿಲ್ಲದವರು ಎರಡನೆಯ ಹಂತವನ್ನು ಆಗಸ್ಟಿನಲ್ಲಿಯೇ, ಅಂದರೆ ಚಳಿ ಬೀಳುವ ಮೊದಲು, ಶ್ರದ್ಧೆಯಿಂದ ಮಾಡಿದರೆ ಬೋನಿನ ಅಗತ್ಯವೇ ಬಹುಮಟ್ಟಿಗೆ ಬೀಳದು.

ಇಲಿಪಾಷಾಣವನ್ನು ಮನೆಯೊಳಗೆ ಇಡಲೇಬಾರದು. ತಿಂದ ಇಲಿ ಗೋಡೆಯೊಳಗೆ ಸತ್ತರೆ ಎರಡು ಮೂರು ವಾರ ಮನೆಯಲ್ಲಿ ಕೂರಲಾಗದ ನಾತ. ವಿಷ ತಿಂದ ಆ ಇಲಿಯನ್ನು ತಿಂದ ಗೂಬೆಗೂ ಸಾಕುನಾಯಿಗೂ ಅಪಾಯ. ಅಂಟು ಹಲಗೆಗಳು ಕ್ರೂರ, ಅವನ್ನು ನಾನು ಯಾರಿಗೂ ಹೇಳುವುದಿಲ್ಲ. ಕಿವಿಗೆ ಕೇಳದ ಸದ್ದಿನಿಂದ ಇಲಿ ಓಡಿಸುತ್ತೇವೆನ್ನುವ, ವಿದ್ಯುತ್ ಪ್ಲಗ್ಗಿಗೆ ಸಿಕ್ಕಿಸುವ ‘ಶ್ರವಣಾತೀತ’ ಯಂತ್ರಗಳ ಮಾತಂತೂ ಬೇಡ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿಯೇ ಇಂಥ ಯಂತ್ರಗಳ ಅರವತ್ತಕ್ಕೂ ಹೆಚ್ಚು ತಯಾರಕರಿಗೂ ಮಾರಾಟಗಾರರಿಗೂ, ಅವರ ಹೇಳಿಕೆಗಳಿಗೆ ವೈಜ್ಞಾನಿಕ ಆಧಾರವಿರಬೇಕೆಂದು ಎಚ್ಚರಿಕೆ ಪತ್ರ ಬರೆದಿತ್ತು.

ಹಿಕ್ಕೆಯನ್ನು ಪೊರಕೆಯಿಂದ ಗುಡಿಸುವ, ವ್ಯಾಕ್ಯೂಮಿನಿಂದ ಎಳೆಯುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಹೊಲದಿಂದ ಬರುವ, ಹೊಟ್ಟೆ ಬೆಳ್ಳಗಿರುವ ಇಲಿಗಳು ಹಂಟಾ ವೈರಸ್ ಹೊತ್ತಿರಬಹುದು. ಒಣಗಿದ ಹಿಕ್ಕೆಯ ಧೂಳು ಉಸಿರಿನೊಡನೆ ಒಳಹೋದರೆ ಜೀವಕ್ಕೇ ಕುತ್ತು. ಕೈಗವಸು ತೊಟ್ಟು, ಕಿಟಕಿ ತೆರೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆ ಪೂರ್ತಿ ನೆನೆಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಕಾಗದದಿಂದ ಒರೆಸಿ ಚೀಲದಲ್ಲಿ ಕಟ್ಟಿ ಎಸೆಯಬೇಕು. ಬ್ಲೀಚನ್ನು ಬೇರೆ ಯಾವ ದ್ರಾವಣದೊಡನೆಯೂ ಬೆರೆಸಕೂಡದು.

ನಾಲ್ಕನೆಯ ಹಂತ: ದಿನಸಿ ಮತ್ತು ಜಿರಳೆ

ಗ್ಯಾರೇಜಿನಲ್ಲಿ ಹದಿನೆಂಟು ಕಿಲೋ ಅಕ್ಕಿಚೀಲವನ್ನು ನೆಲದ ಮೇಲೆಯೇ ಒರಗಿಸಿಡುವುದನ್ನು ಬಿಡಬೇಕು. ಹೊಸದಾಗಿ ತಂದ ರವೆ, ಬೇಳೆ, ಹಿಟ್ಟುಗಳನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟು ಬಳಿಕ ಸ್ಟೀಲ್ ಡಬ್ಬಿಗೆ ತುಂಬಿದರೆ ನುಸಿಯ ಮೊಟ್ಟೆಗಳೂ ಸಾಯುತ್ತವೆ.

ಅಡುಗೆಮನೆಯ ಸಣ್ಣ ಜಿರಳೆ ಬಹುತೇಕ ಅಂಗಡಿಯ ರಟ್ಟಿನ ಪೆಟ್ಟಿಗೆಗಳೊಡನೆ ಬರುತ್ತದೆ. ಪೆಟ್ಟಿಗೆಯನ್ನು ಹೊರಗೇ ಬಿಚ್ಚಿ ಎಸೆಯಬೇಕು. ಬಂದಿದ್ದರೆ ಜೆಲ್ ಔಷಧಿಯನ್ನು ಕಪಾಟಿನ ತಿರುಗಣೆ, ಸಿಂಕಿನ ಕೆಳಭಾಗಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಇಟ್ಟು, ಅದರ ಹತ್ತಿರ ಯಾವ ಸ್ಪ್ರೇಯನ್ನೂ ಹೊಡೆಯದಿದ್ದರೆ ಅದೇ ಕೆಲಸ ಮಾಡುತ್ತದೆ. ಮನೆಯೆಲ್ಲ ಹೊಗೆ ತುಂಬಿಸುವ ಡಬ್ಬಿಗಳು ಜಿರಳೆ ಅಡಗಿದ ಸಂದಿಯನ್ನು ತಲಪುವುದೇ ಇಲ್ಲ, ಒಲೆಯ ಪೈಲಟ್ ಜ್ವಾಲೆಯ ಬಳಿ ಬೆಂಕಿಯ ಭಯ ಬೇರೆ. ಊರಿಂದ ಸೂಟ್‌ಕೇಸಿನಲ್ಲಿ ತರುವ ಕೀಟನಾಶಕದ ಸೀಮೆಸುಣ್ಣ ಅಮೆರಿಕದಲ್ಲಿ ನೋಂದಣಿಯಾಗದ ವಿಷ. ಮಕ್ಕಳು ಅದನ್ನು ಬರೆಯುವ ಸೀಮೆಸುಣ್ಣವೆಂದೇ ಎತ್ತಿಕೊಳ್ಳುತ್ತಾರೆ. ಇಲ್ಲಿ ಯಾವುದೇ ಕೀಟನಾಶಕವನ್ನು ಲೇಬಲಿನಲ್ಲಿ ಬರೆದಿರುವುದಕ್ಕೆ ವಿರುದ್ಧವಾಗಿ ಬಳಸುವುದು ಕಾನೂನಿನ ಉಲ್ಲಂಘನೆ, ನುಸಿಗುಳಿಗೆಯನ್ನು ಮೂಲೆ ಮೂಲೆಗೆ ಎಸೆಯುವುದೂ ಅದರಲ್ಲಿ ಸೇರಿದೆ.

ಐದನೆಯ ಹಂತ: ಅಂಗಳದ ಕೆಂಪಿರುವೆ

ಫೈರ್ ಆ್ಯಂಟ್ ಎಂದು ಕರೆಯುವ ಈ ಇರುವೆ ನಮ್ಮ ಮರದ ಕೆಂಜಿಗವಲ್ಲ. 1930ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ಅಲಬಾಮಾದ ಬಂದರಿಗೆ ಬಂದಿಳಿದು ಹಬ್ಬಿದ ಇದರ ಕಡಿತ ಕೀವುಗುಳ್ಳೆ ಎಬ್ಬಿಸುತ್ತದೆ. ಗೂಡನ್ನು ಕೋಲಿನಿಂದ ಕೆದಕಿದರೆ ಅದು ಪಕ್ಕಕ್ಕೆ ಸ್ಥಳಾಂತರವಾಗುತ್ತದೆ, ಅಷ್ಟೇ. ಜೋಳದ ರವೆ ತಿಂದು ಹೊಟ್ಟೆ ಉಬ್ಬಿ ಸಾಯುತ್ತದೆಂಬುದು ಸುಳ್ಳು. ಬೆಳೆದ ಇರುವೆ ಗಟ್ಟಿ ಆಹಾರವನ್ನು ನುಂಗುವುದೇ ಇಲ್ಲ. ಎರಡು ಮೂರು ಗ್ಯಾಲನ್ ಕುದಿಯುವ ನೀರು ಸುರಿದರೆ ಸುಮಾರು ನೂರಕ್ಕೆ ಅರವತ್ತು ಸಲ ಗೂಡು ಸಾಯುತ್ತದೆ, ಆದರೆ ಹುಲ್ಲೂ ಸುಡುತ್ತದೆ.

ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗ ಹೇಳಿಕೊಡುವ ಎರಡು ಹೆಜ್ಜೆಯ ವಿಧಾನವೇ ಉತ್ತಮ: ಮೊದಲು ಅಂಗಳದ ತುಂಬ ಎಣ್ಣೆ ಸವರಿದ ಬೇಟ್ (ಔಷಧ ಬೆರೆಸಿದ ತಿಂಡಿ) ಕಾಳನ್ನು ತೆಳುವಾಗಿ ಹರಡಿ, ಕೆಲವು ದಿನ ಬಿಟ್ಟು, ತೊಂದರೆ ಕೊಡುವ ಗೂಡುಗಳಿಗಷ್ಟೇ ಬೇರೆ ಔಷಧ ಹಾಕುವುದು. ಹರಡುವ ಮೊದಲು ಗೂಡಿನ ಬಳಿ ಆಲೂಗಡ್ಡೆ ಚಿಪ್ಸ್ ಒಂದನ್ನು ಇಟ್ಟು ಅರ್ಧ ಗಂಟೆ ಕಾಯಬೇಕು. ಇರುವೆ ಮುತ್ತಿದರೆ ಮಾತ್ರ ಆ ದಿನ ಬೇಟ್ ಫಲ ಕೊಡುತ್ತದೆ. ನೆಲ ಒಣಗಿರಬೇಕು, ಮಳೆಯ ಮುನ್ಸೂಚನೆ ಇರಬಾರದು, ಕಳೆದ ವರ್ಷ ತೆರೆದಿಟ್ಟ ಡಬ್ಬಿಯನ್ನು ಬಳಸಬಾರದು. ಎಣ್ಣೆ ಮುಗ್ಗಿದ ಬೇಟನ್ನು ಇರುವೆ ಮೂಸುವುದಿಲ್ಲ.

ಕೊನೆಯದು ಗೆದ್ದಲು. ಗಿಡದ ಬುಡಕ್ಕೆ ಹಾಕುವ ಮರದ ಹೊಟ್ಟನ್ನು ಗೋಡೆಗೆ ಒತ್ತಿ ಪೇರಿಸದೆ, ಅಡಿಪಾಯದ ಕಾಂಕ್ರೀಟ್ ಸುತ್ತಲೂ ಹತ್ತು ಸೆಂಟಿಮೀಟರ್‌ನಷ್ಟು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಬೇಕು. ವಸಂತದಲ್ಲಿ ಆ ಅಂಚಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಮೇಲೇರಿರುವುದು ಕಂಡರೆ ಸ್ವಂತ ಪ್ರಯೋಗಕ್ಕೆ ಕೈಹಾಕದೆ, ಟೆಕ್ಸಸ್ ಕೃಷಿ ಇಲಾಖೆಯ ಪರವಾನಗಿ ಇರುವವರನ್ನೇ ಕರೆಸಿ, ಮನೆ ಕೊಂಡಾಗ ಕೊಟ್ಟ ಗೆದ್ದಲು ನಿರೋಧಕ ಚಿಕಿತ್ಸೆಯ ಕಾಗದವನ್ನು ಅವರ ಮುಂದಿಡಬೇಕು. ಆ ಕಾಗದ ಎಲ್ಲಿದೆ ಎಂಬುದನ್ನು ಇವತ್ತೇ ಹುಡುಕಿಡುವುದು ಒಳ್ಳೆಯದು.