ಶಾಸನ, ಕಡತ, ವೀರಗಲ್ಲು: ನಮ್ಮ ಊರಿನ ಚರಿತ್ರೆಯನ್ನು ಹುಡುಕಿದ ಬಗೆ

ಹೊಸನಗರ ತಾಲೂಕಿನ ನಮ್ಮ ಊರಿನ ಪೂರ್ವವೃತ್ತಾಂತವನ್ನು ತಿಳಿಯಲು ಹೊರಟಾಗ ನಾನು ಮೊದಲು ತೆರೆದದ್ದು ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ 8ನೆಯ ಸಂಪುಟವನ್ನು. 1904ರಲ್ಲಿ ಪ್ರಕಟವಾದ ಅದರಲ್ಲಿ ಹೊಸನಗರವೆಂಬ ತಾಲೂಕಿಲ್ಲ. ಈ ಸೀಮೆಯ ಶಾಸನಗಳನ್ನು ‘ನಗರ’ ಎಂಬ ಅಂದಿನ ತಾಲೂಕಿನಡಿ ಹುಡುಕಬೇಕು. ಊರುಗಳ ಹೆಸರೂ ಬದಲಾಗಿರುವುದರಿಂದ, ದತ್ತಿಭೂಮಿಯ ಎಲ್ಲೆಯನ್ನು ಹೇಳುವಾಗ ಬರುವ ಹಳ್ಳ, ಕೆರೆ, ಗುಡ್ಡಗಳ ಹೆಸರನ್ನು ಬರೆದುಕೊಂಡು, ಅವು ಯಾವುವೆಂದು ಊರಿನ ಹಿರಿಯ ರೈತರನ್ನು ವಿಚಾರಿಸಿದೆ. ಮುದ್ರಿತ ಪುಟ ಹೇಳದಿದ್ದುದನ್ನು ಅವರು ಗದ್ದೆಯ ಬದುವಿನ ಮೇಲೆ ನಿಂತು ತೋರಿಸಿಕೊಟ್ಟರು.

ಶಾಸನಗಳು ದಾನಿಯನ್ನೂ ದಾನ ಪಡೆದವನನ್ನೂ ಹೆಸರಿಸುತ್ತವೆ. ಭೂಮಿಯನ್ನು ಉತ್ತವನನ್ನು ಹೆಸರಿಸುವುದು ಅಪರೂಪ. ಅವನನ್ನು ಕಾಣಬೇಕಾದರೆ ಲೆಕ್ಕಪತ್ರಗಳನ್ನೇ ನೋಡಬೇಕು. ಕೆಳದಿಯ ಶಿವಪ್ಪನಾಯಕ (1645–1660) ಜಾರಿಗೆ ತಂದ ‘ಶಿಸ್ತು’ ಎಂಬ ಕಂದಾಯ ವ್ಯವಸ್ಥೆಯು ಭೂಮಿಯ ಗುಣ ಮತ್ತು ಇಳುವರಿಯನ್ನು ಆಧರಿಸಿತ್ತಾದ್ದರಿಂದ, ಈ ಸೀಮೆಯ ಹಳೆಯ ಲೆಕ್ಕಗಳನ್ನು ಓದುವವರು ಮೊದಲು ಅದನ್ನು ಅರಿತಿರಬೇಕು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳನ್ನು ನಾನು ಅತ್ಯಂತ ಎಚ್ಚರದಿಂದ ನೋಡಿದೆ. ಬೆರಳು ತಾಗಿದರೆ ಅಕ್ಷರ ಅಳಿಸುತ್ತದೆ. ಓರೆಯಾಗಿ ಬೆಳಕು ಬಿಟ್ಟರೆ ಮಾಸಿದ ಸಾಲೂ ಕಾಣಿಸುತ್ತದೆ. ಅವಸರದಲ್ಲಿ ಅಕ್ಷರ ಕೂಡಿಸಿ ಬರೆದ ಮೋಡಿ ಬರಹವನ್ನು ಓದಲು ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಅಂಥವರು ವಿರಳವಾಗುತ್ತಿರುವುದು ನನಗೆ ಕಡತಗಳು ನಶಿಸುವುದಕ್ಕಿಂತ ದೊಡ್ಡ ನಷ್ಟವಾಗಿ ತೋರುತ್ತದೆ.

ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಹಾಗೂ ಕಾಗದದ ಹಸ್ತಪ್ರತಿಗಳಿವೆ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಆವರಣದಲ್ಲಿ ಸುತ್ತಲಿನ ಊರುಗಳಿಂದ ತಂದ ಶಿಲ್ಪಗಳೂ ವೀರಗಲ್ಲುಗಳೂ ಇವೆ. ವೀರಗಲ್ಲನ್ನು ನೋಡುವಾಗ ಶಿಲ್ಪದ ಅಂದಕ್ಕಿಂತ ಮೊದಲು ಅದು ಎಲ್ಲಿ ಸಿಕ್ಕಿತೆಂಬುದನ್ನು ಕೇಳುತ್ತೇನೆ. ನೆಲೆ ತಿಳಿಯದ ಕಲ್ಲು ಕಾಳಗದ ಬಗ್ಗೆ ಏನಾದರೂ ಹೇಳೀತು, ಊರಿನ ಬಗ್ಗೆ ಏನನ್ನೂ ಹೇಳದು. ಫಲಕದಲ್ಲಿ ಆ ವಿವರ ಇಲ್ಲವಾದರೆ ದಾಖಲಾತಿ ಪುಸ್ತಕವನ್ನು ತೋರಿಸುವಂತೆ ಸಿಬ್ಬಂದಿಯನ್ನು ವಿನಂತಿಸುವುದು ನನ್ನ ಪದ್ಧತಿ.

1830–31ರ ನಗರದ ರೈತರ ದಂಗೆ ಮತ್ತು ಅದರ ಬೆನ್ನಿಗೇ ಬಂದ ಬ್ರಿಟಿಷ್ ಕಮಿಷನರರ ಆಡಳಿತದ ಕಾಲಕ್ಕೆ ಬಂದಾಗ ಹುಡುಕಾಟ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ತಿರುಗುತ್ತದೆ. ಅಲ್ಲಿಗೆ ಹೋಗುವವರು ಊರಿನ ಇಂದಿನ ಹೆಸರಿನ ಜೊತೆಗೆ ಹಳೆಯ ತಾಲೂಕು, ಹೋಬಳಿಗಳ ಹೆಸರನ್ನೂ ಬರೆದುಕೊಂಡು ಹೋಗಬೇಕು; ನೋಡಿದ ಪ್ರತಿಯೊಂದು ಕಡತದ (ಫೈಲಿನ) ಸಂಖ್ಯೆಯನ್ನು ಅದೇ ದಿನ ಟಿಪ್ಪಣಿಯಲ್ಲಿ ಗುರುತಿಸಿಕೊಳ್ಳಬೇಕು.