ಮೂಲೆ ಸೇರಿದ ಕಂಪ್ಯೂಟರಿಗೆ ಲಿನಕ್ಸ್: ಬಿಚ್ಚುವುದರಿಂದ ಒಪ್ಪಿಸುವವರೆಗೆ

ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಕಚೇರಿಯಿಂದ ನಮ್ಮ ಮನೆಗೆ ಬಂದ ಡೆಸ್ಕ್‌ಟಾಪ್ ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿದಾಗ ಮೊದಲು ಕಂಡದ್ದು ಇರುವೆಗಳು ಹೊತ್ತು ತಂದು ಒಟ್ಟಿದ್ದ ಕೆಂಪು ಮಣ್ಣು ಮತ್ತು ಹಲ್ಲಿಯ ಎರಡು ಮೊಟ್ಟೆ. ಕೆಟ್ಟು ಹೋಗಿದೆ ಎಂದೇ ತೋಟದ ರೈಟರು ಅದನ್ನು ಕೊಟ್ಟಿದ್ದರು. ಮಣ್ಣನ್ನು ಕೊಡವಿ, ಮೆಮೊರಿ ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆಯ ಮಕ್ಕಳು ಬಳಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದ ಮೇಲೆ ಅದು ಒಂದೇ ಸಲ ಬೀಪ್ ಎಂದು ಎಚ್ಚೆತ್ತುಕೊಂಡಿತು. ಈಗ ಅದು ಬೇಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳ ಮೇಜಿನ ಮೇಲಿದೆ.

ಇಂಥ ಯಂತ್ರಗಳು ಈಗ ಒಟ್ಟೊಟ್ಟಿಗೆ ಮೂಲೆ ಸೇರುತ್ತಿರುವುದಕ್ಕೆ ಒಂದು ಕಾರಣವಿದೆ. ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಬೇಡುವುದಲ್ಲದೆ, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಹೀಗೆ ಕಬ್ಬಿಣ ಗಟ್ಟಿಯಿದ್ದರೂ ತಂತ್ರಾಂಶದ ಕಾರಣಕ್ಕೆ ಹಳೆಯದೆನಿಸಿಕೊಂಡ ಯಂತ್ರಗಳಿಗೆ ಸ್ವತಂತ್ರ ತಂತ್ರಾಂಶವೇ ಸರಿಯಾದ ದಾರಿ. ಸ್ವತಂತ್ರ ಎಂದರೆ ಇಲ್ಲಿ ಬಿಟ್ಟಿ ಎಂದಷ್ಟೇ ಅರ್ಥವಲ್ಲ; ಬಳಸುವ, ಒಳಗಿನ ಆಕರವನ್ನು ಓದುವ, ತಿದ್ದುವ, ಪ್ರತಿ ಮಾಡಿ ಹಂಚುವ ಹಕ್ಕು ಬಳಕೆದಾರನಿಗೆ ಸೇರಿದ್ದು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಮತ್ತು ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಕರ್ನಲ್ (ಯಂತ್ರದ ಕಬ್ಬಿಣವನ್ನು ನಡೆಸುವ ತಿರುಳು) ಸೇರಿ ಬೆಳೆದ, ವಿಂಡೋಸಿನ ಜಾಗದಲ್ಲಿ ಹಾಕಬಹುದಾದ ತಂತ್ರಾಂಶವನ್ನೇ ನಾವು ರೂಢಿಯಲ್ಲಿ ಲಿನಕ್ಸ್ ಎನ್ನುತ್ತೇವೆ. ಹತ್ತು ಯಂತ್ರಗಳಿಗೆ ಹಾಕಿದರೂ ಲೈಸೆನ್ಸಿನ ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂಬುದು, ಹಳೆಯ ಯಂತ್ರಗಳನ್ನು ಸರಿಪಡಿಸಿ ಬೇಕಾದವರಿಗೆ ಕೊಡುವ ಈ ಕೆಲಸ ಮಾಡುವವರಿಗೆ ದೊಡ್ಡ ನಿರಾಳ.

ಬೇಡ ಎನ್ನಲು ಕಲಿಯುವುದು

ಹಳೆಯ ಕಂಪ್ಯೂಟರ್ ತೆಗೆದುಕೊಳ್ಳುತ್ತೇವೆ ಎಂಬ ಸುದ್ದಿ ಹಬ್ಬಿದರೆ ಸಾಕು, ಜನ ಅಟ್ಟದ ಮೇಲಿನದ್ದೆಲ್ಲವನ್ನೂ ತಂದು ಜಗುಲಿಯ ಮೇಲೆ ಇಟ್ಟು ಹೋಗುತ್ತಾರೆ. ಆದ್ದರಿಂದ ಅಳತೆಗೋಲನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 2011ರ ಸುಮಾರಿನ ಎರಡನೆಯ ತಲೆಮಾರಿನ ಕೋರ್ ಐ3 ಅಥವಾ ಅದಕ್ಕಿಂತ ಹೊಸದು, 4 ಜಿಬಿ ಮೆಮೊರಿ ಇರುವುದು ಅಥವಾ ಅಷ್ಟು ಹಾಕಲು ಜಾಗವಿರುವುದು ಕೆಲಸಕ್ಕೆ ಬರುತ್ತದೆ. ಕೋರ್ 2 ಡ್ಯುಯೊ ಗಡಿಯಲ್ಲಿ ನಿಲ್ಲುತ್ತದೆ. ಬರವಣಿಗೆಗೆ ಸಾಕು, ವಿಡಿಯೊ ಪಾಠಕ್ಕೆ ಏದುಸಿರು ಬಿಡುತ್ತದೆ. ಪೆಂಟಿಯಂ 4 ಕಾಲದ ಯಂತ್ರಗಳನ್ನು ನಾನು ಈಗ ಮುಟ್ಟುವುದಿಲ್ಲ: ವಿದ್ಯುತ್ ಹೆಚ್ಚು ತಿನ್ನುತ್ತವೆ, ಮೇಲಾಗಿ ಅವುಗಳಲ್ಲಿ ಹೆಚ್ಚಿನವು 32 ಬಿಟ್ ಎಂಬ ಹಳೆಯ ಬಗೆಯ ಪ್ರೊಸೆಸರಿನವು. ಹಳೆಯ ಯಂತ್ರಗಳ ಆಸರೆಯೆನಿಸಿದ್ದ ಡೆಬಿಯನ್ ಎಂಬ ಲಿನಕ್ಸ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ ತನ್ನ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗಳಿಗೆ ಅನುಸ್ಥಾಪಕವನ್ನು (ಇನ್‌ಸ್ಟಾಲರ್) ಕೊಟ್ಟಿಲ್ಲ.

ಗಾಜಿನ ಕೊಳವೆಯ ದಪ್ಪ ಮಾನಿಟರುಗಳನ್ನು, ಉಬ್ಬಿದ ಬ್ಯಾಟರಿಯ ಲ್ಯಾಪ್‌ಟಾಪುಗಳನ್ನು ಮನೆಯೊಳಗೆ ತರಬಾರದು. ಇನ್ನೊಂದು ಮಾತು: ಸರ್ಕಾರಿ ಕಚೇರಿ ಅಥವಾ ಶಾಲೆಯ ಕಂಪ್ಯೂಟರ್ ಎಷ್ಟೇ ಹಳೆಯದಾಗಿದ್ದರೂ ಅದು ದಾಸ್ತಾನು ಪುಸ್ತಕದಲ್ಲಿರುತ್ತದೆ, ಅಲ್ಲಿಂದ ವಿಧಿಪೂರ್ವಕವಾಗಿ ಕೈಬಿಟ್ಟ ಆದೇಶದ ಪ್ರತಿ ಕೈಗೆ ಬರುವವರೆಗೆ, ಪರಿಚಯದ ಗುಮಾಸ್ತರು ಎಷ್ಟೇ ವಿಶ್ವಾಸದಿಂದ ಕೊಟ್ಟರೂ ಅದನ್ನು ಹೊತ್ತು ತರಬೇಡಿ.

ಬಿಚ್ಚುವುದು, ಶುಚಿ ಮಾಡುವುದು

ಪ್ಲಗ್ ಕಿತ್ತು, ಪವರ್ ಬಟನ್ನನ್ನು ಐದಾರು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡಿನ ಭಾಗವನ್ನು ಒಮ್ಮೆ ಮುಟ್ಟಿದ ನಂತರವೇ ಒಳಗೆ ಕೈ ಹಾಕಬೇಕು. ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ, ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ, ಅದು ಕೆಟ್ಟಿದ್ದರೆ ಇಡಿಯಾಗಿ ಬದಲಿಸುವುದೇ ಕ್ಷೇಮ. ಬ್ಲೋವರ್‌ನಿಂದ ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಬೇಕು, ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಅರಸೀಕೆರೆ, ಕಡೂರು ಕಡೆಯಿಂದ ಬಂದ ಯಂತ್ರಗಳಲ್ಲಿ ಒಣ ಧೂಳು. ಒಂದು ಸಲ ಊದಿದರೆ ಹೋಯಿತು. ಮೂಡಿಗೆರೆ, ಕೊಪ್ಪದ ಕಡೆಯವುಗಳ ಕಥೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಧೂಳು ಬೂಷ್ಟಿನೊಂದಿಗೆ ಬೆರೆತು ತೊಗಲಿನಂತೆ ಅಂಟಿಕೊಂಡಿರುತ್ತದೆ, ಸಂಪರ್ಕದ ತುದಿಗಳಲ್ಲಿ ಹಸಿರು ಕಿಲುಬು ಕಾಣುತ್ತದೆ. ಇದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ ಬೇಕು; ನೀರು, ಎಣ್ಣೆ ಯಾವುದೂ ಆಗದು. ಮದರ್‌ಬೋರ್ಡಿನ ಮೇಲಿನ ಸಣ್ಣ ಉರುಳೆಯಂಥ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು; ಉಬ್ಬಿದ್ದರೆ ಆ ಬೋರ್ಡಿನ ಆಯುಷ್ಯ ಮುಗಿಯುತ್ತಾ ಬಂತೆಂದೇ ಅರ್ಥ. ಪ್ರೊಸೆಸರಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನು (ಬಿಸಿಯನ್ನು ಹೊರಗೆ ದಾಟಿಸುವ ಅಂಟು) ಒರೆಸಿ, ಹೆಸರುಕಾಳಿಗಿಂತ ತುಸು ದೊಡ್ಡ ಹನಿಯನ್ನು ಹೊಸದಾಗಿ ಇಟ್ಟರೆ ಸಾಕು.

ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಕೇಳದೆಯೇ ಬದಲಿಸಿಬಿಡಿ. ಅದು ಸತ್ತಿದ್ದರೆ ಯಂತ್ರ ಆರಿಸಿದಾಗಲೆಲ್ಲ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಓಡುತ್ತದೆ. ದಿನಾಂಕ ತಪ್ಪಿದರೆ ಬ್ರೌಸರ್ ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ನಂಬುವುದಿಲ್ಲ. ವಿದ್ಯಾರ್ಥಿವೇತನದ ಪುಟ ತೆರೆಯದಿದ್ದಾಗ ಇಂಟರ್‌ನೆಟ್ ಸರಿಯಿಲ್ಲ ಎಂಬ ದೂರು ನಿಮಗೆ ಬರುತ್ತದೆ.

ಡಿಸ್ಕಿನ ವಿಚಾರ

ಹಳೆಯ ಕಂಪ್ಯೂಟರ್ ನಿಧಾನ ಎನ್ನುವವರು ಬಹುಪಾಲು ಸಲ ಹೇಳುತ್ತಿರುವುದು ಅದರ ಹಾರ್ಡ್ ಡಿಸ್ಕ್ ನಿಧಾನ ಎಂದು. ಅದನ್ನು ತೆಗೆದು ಚಿಕ್ಕ ಸಾಟಾ ಎಸ್‌ಎಸ್‌ಡಿಯೊಂದನ್ನು (ತಿರುಗುವ ತಟ್ಟೆಗಳಿಲ್ಲದ ವೇಗದ ಡಿಸ್ಕ್) ಹಾಕಿದರೆ ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಏಳುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕೈಯಲ್ಲಿರುವ ಹಣವನ್ನು ಒಂದೇ ಬಿಡಿಭಾಗಕ್ಕೆ ಹಾಕಬಹುದಾದರೆ ಇದಕ್ಕೇ ಹಾಕಿ. ಹಳೆಯ ಡಿಸ್ಕನ್ನೇ ಉಳಿಸಿಕೊಳ್ಳುವುದಾದರೆ ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ಪರೀಕ್ಷೆ ಮಾಡಬೇಕು. ಅದರಲ್ಲಿ ಬದಲಿಸಲಾದ ಸೆಕ್ಟರುಗಳ (ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳ) ಸಂಖ್ಯೆ ಏರುತ್ತಿದ್ದರೆ, ಅಥವಾ ಬಾಕಿ ಉಳಿದ ಸೆಕ್ಟರುಗಳ ಸಾಲಿನಲ್ಲಿ ಸೊನ್ನೆಯ ಬದಲು ಬೇರೆ ಅಂಕಿ ಇದ್ದರೆ ಅದನ್ನು ಯಾರಿಗೂ ಕೊಡಬಾರದು.

ಪರೀಕ್ಷೆಗೂ ಮೊದಲು ಅಳಿಸುವ ಕೆಲಸವಿದೆ. ತೋಟದ ಕಚೇರಿಯ ಕಂಪ್ಯೂಟರಿನಲ್ಲಿ ಕಾರ್ಮಿಕರ ಆಧಾರ್ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರಗಳು, ಹಾಜರಿ ಪಟ್ಟಿಗಳು ಇದ್ದೇ ಇರುತ್ತವೆ. ಫಾರ್ಮ್ಯಾಟ್ ಮಾಡುವುದೆಂದರೆ ಪುಸ್ತಕದ ಪರಿವಿಡಿಯನ್ನಷ್ಟೇ ಹರಿದಂತೆ. ಪುಟಗಳು ಹಾಗೆಯೇ ಉಳಿದಿರುತ್ತವೆ. ಕೊಟ್ಟವರು ತಮಗೆ ಬೇಕಾದದ್ದನ್ನು ನಕಲು ಮಾಡಿಕೊಂಡಿದ್ದಾರೆಯೇ ಎಂದು ಕೇಳಿ, ಅಳಿಸಲು ಒಪ್ಪಿಗೆಯನ್ನು ಒಂದು ಸಾಲಿನಲ್ಲಾದರೂ ಬರೆಸಿಕೊಂಡು, ಡಿಸ್ಕ್ ಅಳಿಸುವುದಕ್ಕೆಂದೇ ಇರುವ ಶ್ರೆಡ್‌ಓಎಸ್ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ ಅದರಲ್ಲಿರುವ ಎನ್‌ವೈಪ್‌ನಿಂದ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಸಬೇಕು. ಏಳು ಸಲ, ಮೂವತ್ತೈದು ಸಲ ಎಂಬುದೆಲ್ಲ ಹಳೆಯ ಕಾಲದ ಮಾತು. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸಲ ಸಾಕು. ಸೆಕೆಂಡಿಗೆ 80 ಮೆಗಾಬೈಟ್ ವೇಗವಿದ್ದರೆ 500 ಜಿಬಿಗೆ ಸುಮಾರು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಎಸ್‌ಎಸ್‌ಡಿಗಳಿಗೆ ಈ ವಿಧಾನ ನೆಚ್ಚಿಕೆಯದಲ್ಲ, ಅವುಗಳಲ್ಲಿಯೇ ಇರುವ ಸುರಕ್ಷಿತ ಅಳಿಸುವಿಕೆಯ ಆದೇಶವನ್ನು ಬಳಸಬೇಕು.

ಅಳಿಸುವ ಮುನ್ನ ಆ ಯಂತ್ರಕ್ಕೆ ಜೋಡಿಸಿರುವ ಬೇರೆಲ್ಲ ಡಿಸ್ಕುಗಳನ್ನು ಕಿತ್ತು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ನಾನು ಒಮ್ಮೆ ಮಾತಾಡುತ್ತಾ ಕುಳಿತು, ಪಕ್ಕದಲ್ಲಿ ಸಿಕ್ಕಿಸಿದ್ದ ನನ್ನದೇ ಡಿಸ್ಕನ್ನು ಆರಿಸಿ, ಎರಡು ವರ್ಷದ ಫೋಟೊಗಳನ್ನು ನನ್ನ ಕೈಯಾರೆ ಸೊನ್ನೆ ಮಾಡಿಕೊಂಡೆ.

ಅಳವಡಿಕೆ

ಇದು ಜನ ಹೆದರುವಷ್ಟು ಕಷ್ಟದ ಹಂತವಲ್ಲ. 4 ಜಿಬಿ ಅಥವಾ ಹೆಚ್ಚು ಮೆಮೊರಿ ಇರುವಲ್ಲಿ ಲಿನಕ್ಸಿನ ಬಗೆಗಳಲ್ಲೊಂದಾದ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆ. ಅದರ 22ನೇ ಸರಣಿಗೆ 2029ರವರೆಗೆ ಬೆಂಬಲವಿದೆ. 2 ಜಿಬಿಯಷ್ಟೇ ಇದ್ದರೆ ಎಂಎಕ್ಸ್ ಲಿನಕ್ಸ್ ಅಥವಾ ಆಂಟಿಎಕ್ಸ್ ನೋಡಬಹುದು, ಆದರೆ ತಂತ್ರಾಂಶ ಹಗುರವಾದರೂ ಇಂದಿನ ಜಾಲತಾಣಗಳು ಹಗುರವಾಗಿಲ್ಲ ಎಂಬುದನ್ನು ಮರೆಯಬಾರದು. ಇಳಿಸಿಕೊಂಡ ಕಡತ ಪೂರ್ತಿ ಸರಿಯಾಗಿದೆಯೇ ಎಂದು ತಿಳಿಸುವ ಚೆಕ್‌ಸಮ್ ಸಂಖ್ಯೆಯನ್ನು ತಾಳೆ ನೋಡಿ, ರೂಫಸ್ ಅಥವಾ ವೆಂಟಾಯ್ ತಂತ್ರಾಂಶ ಬಳಸಿ 8 ಜಿಬಿಯ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಯಂತ್ರ ಚಾಲೂ ಆಗುವಾಗ ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಪೆನ್‌ಡ್ರೈವ್ ಆರಿಸುವ ಪಟ್ಟಿ ಬರುತ್ತದೆ.

ಅಳವಡಿಸುವ ಮೊದಲೇ ಪೆನ್‌ಡ್ರೈವ್‌ನಿಂದ ಹತ್ತು ನಿಮಿಷ ಓಡಿಸಿ ಧ್ವನಿ, ವೈ-ಫೈ, ಕ್ಯಾಮೆರಾ, ಕೀಲಿಮಣೆಯ ಪ್ರತಿ ಕೀ ನೋಡಿಕೊಳ್ಳಿ. ಕೆಲವು ಹಳೆಯ ಲ್ಯಾಪ್‌ಟಾಪುಗಳ ಬ್ರಾಡ್‌ಕಾಮ್ ವೈ-ಫೈ ಚಿಪ್ಪು ತಯಾರಕರ ಮುಚ್ಚಿದ (ಆಕರ ತೋರಿಸದ) ಡ್ರೈವರ್ ತಂತ್ರಾಂಶ ಇಲ್ಲದೆ ಕೆಲಸ ಮಾಡುವುದಿಲ್ಲ. ಡ್ರೈವರ್ ಮ್ಯಾನೇಜರಿನಿಂದ ಅದನ್ನು ಹಾಕುವಾಗ ಸ್ವತಂತ್ರ ತಂತ್ರಾಂಶದ ಕಟ್ಟಾ ವ್ರತ ಸ್ವಲ್ಪ ಸಡಿಲವಾಗುತ್ತದೆ, ಇರಲಿ. ಮಿಂಟ್‌ನಲ್ಲಿ ಓಇಎಂ ಎಂಬ ಬಗೆಯ ಅಳವಡಿಕೆ ಇದೆ. ಅದನ್ನು ಆರಿಸಿದರೆ ಬಳಕೆದಾರನ ಹೆಸರು, ಪಾಸ್‌ವರ್ಡ್‌ಗಳನ್ನು ಪಡೆಯುವವರೇ ತಮ್ಮ ಮನೆಯಲ್ಲಿ ಮೊದಲ ಸಲ ಆನ್ ಮಾಡಿದಾಗ ಇಟ್ಟುಕೊಳ್ಳಬಹುದು. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಜೊತೆಗೇ ಬರುತ್ತವೆ. ವಿಡಿಯೊ ನೋಡಲು ವಿಎಲ್‌ಸಿ, ಮಕ್ಕಳಿದ್ದರೆ ಆಡುತ್ತಾ ಕಲಿಯುವ ಜಿಕಾಂಪ್ರಿ ಮತ್ತು ಚಿತ್ರ ಬಿಡಿಸುವ ಟಕ್ಸ್ ಪೇಂಟ್, ಸಿಗ್ನಲ್ ಸಿಗದ ಊರಾದರೆ ಇಂಟರ್‌ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ಮೂಲಕ ಕನ್ನಡ ವಿಕಿಪೀಡಿಯವನ್ನೇ ಡಿಸ್ಕಿಗೆ ಇಳಿಸಿ ಕೊಡಬಹುದು.

ಕನ್ನಡ ಮೂಡುವಂತೆ ಮಾಡುವುದು

ನಾನು ಆರಂಭದಲ್ಲಿ ಕೊಟ್ಟ ಕಂಪ್ಯೂಟರುಗಳಲ್ಲಿ ಹಲವು ತಿಂಗಳೊಪ್ಪತ್ತಿನಲ್ಲಿ ಮೇಲೊಂದು ಬಟ್ಟೆ ಹೊದ್ದು ಕುಳಿತವು. ಕೆಟ್ಟಿರಲಿಲ್ಲ, ಅವುಗಳಲ್ಲಿ ಕನ್ನಡ ಬರೆಯಲು ಆಗುತ್ತಿರಲಿಲ್ಲ. ಸ್ವಸಹಾಯ ಸಂಘದ ನಡಾವಳಿ, ಪಂಚಾಯಿತಿಗೆ ಕೊಡುವ ಅರ್ಜಿ, ಮಗುವಿನ ಪ್ರಬಂಧ ಎಲ್ಲವೂ ಕನ್ನಡದಲ್ಲಿರುವಾಗ ಕನ್ನಡ ಮೂಡದ ಯಂತ್ರ ಅವರಿಗೆ ಯಾಕೆ? ಆದ್ದರಿಂದ ಈ ಹಂತಕ್ಕೆ ಅಳವಡಿಕೆಗಿಂತ ಹೆಚ್ಚು ಸಮಯ ಕೊಡುತ್ತೇನೆ.

ಸಾಫ್ಟ್‌ವೇರ್ ಮ್ಯಾನೇಜರಿನಿಂದ ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಿಸುವ ಐಬಸ್ ಮತ್ತು ಅದರ ಎಂ17ಎನ್ ಪೊಟ್ಟಣವನ್ನು ಹಾಕಿ, ಒಮ್ಮೆ ಲಾಗ್ ಔಟ್ ಮಾಡಿ ಬಂದು, ಐಬಸ್ ಆದ್ಯತೆಗಳಲ್ಲಿ ಕನ್ನಡದ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸವನ್ನು ಸೇರಿಸಬೇಕು. ಇದು ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರ ಬೆರಳಿಗೆ ಈಗಾಗಲೇ ಗೊತ್ತಿರುವ ವಿನ್ಯಾಸ. ವಿಂಡೋಸ್ ಚಿಹ್ನೆಯ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. ಗೊತ್ತಿಲ್ಲದವರಿಗೆ ಕಲಿಸಲು ನಾನು ಒಂದೇ ಪದ ಬಳಸುತ್ತೇನೆ: ಚಿಕ್ಕಮಗಳೂರು. ಸಿ, ಐ ಒತ್ತಿದರೆ ‘ಚಿ’, ಕೆ, ಎಫ್, ಕೆ ಒತ್ತಿದರೆ ‘ಕ್ಕ’, ಎಂ, ಜಿ, ಆಮೇಲೆ ಶಿಫ್ಟ್ ಹಿಡಿದು ಎಲ್ ಮತ್ತು ಯು, ‘ಳೂ’, ಕೊನೆಗೆ ಆರ್, ಯು. ಒತ್ತಕ್ಷರಕ್ಕೆ ಎಫ್, ದೀರ್ಘಕ್ಕೂ ‘ಳ’ಕಾರಕ್ಕೂ ಶಿಫ್ಟ್ ಎಂಬ ಎರಡು ಸೂತ್ರ ಈ ಒಂದೇ ಪದದಲ್ಲಿ ಕೈಗೆ ಹತ್ತುತ್ತವೆ. ಬೇಲೂರಿನ ಆ ಹುಡುಗಿ ಇದನ್ನು ಮೂರನೆಯ ಸಲಕ್ಕೆ ನೋಡದೆ ಬರೆದಳು. ನಂತರ ‘ಸ್ತ್ರೀ’ ಹೇಗೆ ಎಂದು ಅವಳೇ ಕೇಳಿ, ಎಫ್ ಅನ್ನು ಎರಡು ಸಲ ಬಳಸಿ ಅವಳೇ ಕಂಡುಕೊಂಡಳು.

ಅಕ್ಷರಶೈಲಿಗಳಲ್ಲಿ ನೋಟೊ ಮತ್ತು ಲೋಹಿತ್ ಜೊತೆಗೆ ಗುಬ್ಬಿ, ನವಿಲು ಎರಡನ್ನೂ ಹಾಕಿಡಿ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್‌ಗಿಂತ ಹಿಂದಿನ, ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಕಡತಗಳು ತೆರೆದಾಗ ಗೀಚಿದಂತೆ ಕಾಣುತ್ತವೆ. ಅವನ್ನು ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್‌ಗೆ ತರಬೇಕಾಗುತ್ತದೆ.

ಒಪ್ಪಿಸುವುದು

ಯಾರಿಗೆ ಕೊಡಬೇಕೆಂಬುದಕ್ಕಿಂತ ಯಾವ ಕೆಲಸಕ್ಕೆ ಎಂದು ಮೊದಲು ಕೇಳಿ. ಲೆಕ್ಕಪತ್ರದ ಟ್ಯಾಲಿ ಕಲಿಯಬೇಕೆನ್ನುವವರಿಗೆ, ವಿಂಡೋಸ್ ಮೇಲಷ್ಟೇ ಓಡುವ ತಂತ್ರಾಂಶ ಬೇಕಾದವರಿಗೆ ಇದು ಆಗದು ಎಂದು ಮುಖಕ್ಕೆ ಹೇಳಿಬಿಡುವುದು ಮೇಲು. ಓದುವ ಮಕ್ಕಳು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ಸಣ್ಣ ಸಂಘಗಳು, ಇವರಿಗೆ ಒಪ್ಪುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಕರೆಂಟನ್ನು ನೆನೆದರೆ, ಬ್ಯಾಟರಿ ಒಂದು ಗಂಟೆಯಾದರೂ ನಿಲ್ಲುವ ಲ್ಯಾಪ್‌ಟಾಪನ್ನು ಆ ಭಾಗಕ್ಕೂ ಡೆಸ್ಕ್‌ಟಾಪನ್ನು ಬಯಲುಸೀಮೆಗೂ ಕೊಡುವುದು ಜಾಣತನ. ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಇದೆಯೇ ಎಂದು ಮನೆಗೇ ಹೋಗಿ ನೋಡಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಪ್ಲಗ್ ಮಾತ್ರವಲ್ಲ, ಇಂಟರ್‌ನೆಟ್ಟಿನ ತಂತಿಯನ್ನೂ ಕೀಳಬೇಕೆಂದು ಕನ್ನಡದಲ್ಲಿ ದೊಡ್ಡದಾಗಿ ಮುದ್ರಿಸಿದ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ ಬನ್ನಿ. ಕಂಪ್ಯೂಟರನ್ನು ಆರಿಸುವ (ಶಟ್ ಡೌನ್ ಮಾಡುವ) ಕ್ರಮ, ನಿಮ್ಮ ಫೋನ್ ಸಂಖ್ಯೆಗಳೂ ಅದರಲ್ಲಿರಲಿ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ಗಂಟೆ ಓಡಿಸಿದರೆ ಒಳಗಿನ ಬಿಸಿಯೇ ತೇವವನ್ನು ಒಣಗಿಸುತ್ತದೆ.

ಉಳಿದ ಬೋರ್ಡು, ತಂತಿ, ಬ್ಯಾಟರಿಗಳನ್ನು ತಂತಿ ಸುಟ್ಟು ತಾಮ್ರ ತೆಗೆಯುವವರ ಕೈಗೆ ಹಾಕಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಅದು ಸೇರಬೇಕು. ಒಂದು ಮೂಟೆಯಾಗುವವರೆಗೆ ಕೂಡಿಟ್ಟು ಒಮ್ಮೆಗೇ ಕಳುಹಿಸುವುದು ಅನುಕೂಲ.

ಕೊಟ್ಟ ಒಂದು ತಿಂಗಳಿಗೆ ಮತ್ತೊಮ್ಮೆ ಹೋಗಿ ಬನ್ನಿ. ಹೋಗುವಾಗ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಹೆಚ್ಚುವರಿ ಮೌಸ್, ಪೆನ್‌ಡ್ರೈವ್ ಇರಲಿ. ಹೆಚ್ಚಿನ ಸಲ ಕೆಟ್ಟಿರುವುದು ಮೌಸ್ ಒಂದೇ.