ಮೇ ತಿಂಗಳಲ್ಲಿ ಕಲಬುರಗಿಯಿಂದ ಟೆಂಟ್ ಹೇರಿಕೊಂಡು ಗುಡ್ಡದ ಕಾಡುಗಳಿಗೆ: ನನ್ನ ಅನುಭವ

ಮೇ ತಿಂಗಳಲ್ಲಿ ಕಲಬುರಗಿಯಿಂದ ಸ್ವಂತ ಗಾಡಿ ತೆಗೆದು, ಸ್ವಂತ ಟೆಂಟ್ ಮತ್ತು ಸ್ವಂತ ಬುತ್ತಿಯ ಬಲದ ಮೇಲೆ ಬಂಡೀಪುರ, ಮುದುಮಲೈ, ಎರವಿಕುಲಂ, ಪಾಂಪಾಡುಂ ಶೋಲಾ, ಕುದುರೆಮುಖ ಎಲ್ಲ ರಾಷ್ಟ್ರೀಯ ಉದ್ಯಾನ ನೋಡಿ ಬರಬಹುದು. ಐದು ಜನರ ಸಂಸಾರಕ್ಕೆ ಹೆಚ್ಚುಕಡಿಮೆ 40,000 ರೂಪಾಯಿ. ಇದು ಆಗುವ ಮಾತಲ್ಲ ಅಂದವರೇ ಈಗ ದಾರಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಗಾಡಿ ಓಡಿಸೋದು, ಟೆಂಟ್ ಕಟ್ಟೋದು ಗೊತ್ತಿದ್ದವರಿಗೆ ಮಾತ್ರ ಇದು. ಅದನ್ನೆಲ್ಲ ಮೊದಲಿನಿಂದ ಹೇಳುವುದಿಲ್ಲ.

ಜನ ನಂಬದೇ ಇರುವುದಕ್ಕೆ ಕಾರಣ ಇತ್ತು. ಮೊದಲ ಪರೀಕ್ಷೆ ನಾವು ಮಾಡಿದ್ದು ಮನೆ ಹತ್ತಿರವೇ, ಚಿಂಚೋಳಿ ಕಾಡಿನ ಅಂಚಿಗೆ, ಚಂದ್ರಂಪಳ್ಳಿ ಕಡೆ. ಆನ್‌ಲೈನಿನಲ್ಲಿ 2,000ಕ್ಕೆ ಬಂದ ಟೆಂಟ್, 1,500ರ ಬ್ಯಾಟರಿ ಫ್ಯಾನ್. ರಾತ್ರಿ ಹನ್ನೊಂದಾದರೂ ನೆಲದ ಕಾವು ಇಳಿಯಲಿಲ್ಲ, ರೊಟ್ಟಿ ಹಂಚಿನ ಮೇಲೆ ಮಲಗಿದ ಹಾಗೆ. ಅಲ್ಲಿಯ ಕೆಂಪು ಜಂಬಿಟ್ಟಿಗೆ ನೆಲಕ್ಕೆ ಟೆಂಟಿನ ಜೊತೆ ಬಂದ ಗೂಟಗಳು ಬಾಗಿದವು, ಒಂದೂ ಇಳಿಯಲಿಲ್ಲ. ನಡುರಾತ್ರಿ ಎಲ್ಲರೂ ಗಾಡಿಯಲ್ಲಿ ಕೂತು ಎ.ಸಿ. ಹಾಕಿಕೊಂಡೆವು. ಈ ಸುದ್ದಿ ಗಂಜ್‌ನಲ್ಲಿ, ಅಂದರೆ ಕಾಳುಕಡಿ ಪೇಟೆಯಲ್ಲಿ, ಅಡತಿ ಅಂಗಡಿ ಇರುವ ನಮ್ಮ ಕಾಕಾನಿಗೆ ತಲುಪಿತು. "ಅಲ್ಲೋ ತಮ್ಮಾ, ಮನ್ಯಾಗ ಕೂಲರ್ ಮುಂದ ಕುಂತ್ರೂ ಜೀವ ನಿಲ್ಲವಲ್ದು, ನೀ ಮಕ್ಕಳಿಗಿ ಟೆಂಟ್‌ನ್ಯಾಗ ಮಲಗಸ್ಲಾಕ ಹೊಂಟೀಯಲ್ಲ!" ಅಂತ ನಾಲ್ಕು ಜನರ ಮುಂದೆ ಅಂದ. ಟ್ರಾವೆಲ್ಸ್‌ನವನೊಬ್ಬ ಮುನ್ನಾರಿಗೇ ಲಕ್ಷದ ಮೇಲೆ ಹೇಳಿ, ಕಾಡಿನ ಟಿಕೆಟು ಬೇರೆ ಅಂದ.

ಚಿಂಚೋಳಿಯ ಆ ರಾತ್ರಿಯಿಂದಲೇ ನನ್ನ ಪದ್ಧತಿ ಹುಟ್ಟಿತು. ಬ್ಯಾಸಗಿಯಲ್ಲಿ ಕಾಡು ಹುಡುಕಬಾರದು, ಎತ್ತರ ಹುಡುಕಬೇಕು. 1,500 ಮೀಟರ್‌ಗಿಂತ ಕೆಳಗೆ ಟೆಂಟ್ ಬಿಚ್ಚುವುದಿಲ್ಲ ಅಂತ ಗೆರೆ ಹಾಕಿಕೊಂಡೆ. ಬಯಲುಸೀಮೆಯನ್ನು ಬಿಸಿಲು ಏರುವ ಮೊದಲೇ ದಾಟಬೇಕು, ನಡು ಹಗಲು ಗಾಡಿ ನಿಲ್ಲಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಉದ್ಯಾನದ ಒಳಗೆ ಸ್ವಂತ ಟೆಂಟಿಗೆ ಜಾಗವೇ ಇಲ್ಲ. ಅದು ಅಪರಾಧ. ಹಗಲು ಉದ್ಯಾನದೊಳಗೆ, ರಾತ್ರಿ ಅದರ ಗಡಿಯಾಚೆ ಜನ ಇರುವ ಮನೆಯ ಹಿತ್ತಲಲ್ಲಿ. ವಿಡಿಯೋಗಳಲ್ಲಿ ಹೊಳೆದಂಡೆಗೆ ಟೆಂಟ್ ಹಾಕಿ ಬೆಂಕಿ ಹಚ್ಚಿದ್ದನ್ನು ತೋರಿಸುತ್ತಾರಲ್ಲ, ಅದನ್ನು ಮಾಡಿದರೆ ಗಾಡಿ ಅರಣ್ಯ ಇಲಾಖೆಯ ಅಂಗಳದಲ್ಲಿ ಉಳಿಯುತ್ತದೆ. ಉಳಿಯಲೂ ಬೇಕು.

ದಾರಿಯ ವಿಷಯಕ್ಕೆ ನಮ್ಮ ಭಾಗದವರಷ್ಟು ಭಾಗ್ಯವಂತರು ಯಾರೂ ಇಲ್ಲ. ಜೇವರ್ಗಿಯಲ್ಲಿ ಶುರುವಾಗುವ 150ಎ ಹೆದ್ದಾರಿ ಶಹಾಪುರ, ಸುರಪುರ, ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು, ಮೈಸೂರು ಹಿಡಿದು ಚಾಮರಾಜನಗರದವರೆಗೆ ಹೋಗುತ್ತದೆ. ಬೆಂಗಳೂರಿನ ಗದ್ದಲ ಮುಟ್ಟುವುದೇ ಬೇಡ. ರಾತ್ರಿ ಎರಡಕ್ಕೆ ಮನೆ ಬಿಟ್ಟೆವು. ಕಟ್ಟಿಸಂಗಾವಿಯಲ್ಲಿ ಭೀಮಾ, ತಿಂಥಣಿ ಬ್ರಿಜ್ ಮೇಲೆ ಕೃಷ್ಣಾ, ಸಿಂಧನೂರು ದಾಟಿದ ಮೇಲೆ ತುಂಗಭದ್ರಾ. ಬೆಳಕು ಬಲಿಯುವ ಹೊತ್ತಿಗೆ ಮೂರೂ ಹೊಳೆ ಹಿಂದೆ ಬಿದ್ದಿದ್ದವು. ಹತ್ತರ ಸುಮಾರಿಗೆ ಹಿರಿಯೂರು. ಅಲ್ಲಿ ಲಾಡ್ಜ್‌ನಲ್ಲಿ ಹಗಲು ಮಟ್ಟಿಗೆ ಕೋಣೆ, 700 ರೂಪಾಯಿ ಇರಬೇಕು. ಸಂಜೆ ನಾಲ್ಕರ ತನಕ ಎಲ್ಲರೂ ನಿದ್ದೆ. ಈ 700 ರೂಪಾಯಿ ಉಳಿಸಲು ಹೋದವರು ಸಂಜೆ ಸ್ಟೇರಿಂಗ್ ಮೇಲೆ ತೂಕಡಿಸುತ್ತಾರೆ. ಟೈರಿನ ಗಾಳಿ ಮನೆಯಲ್ಲಿ ಟೈರ್ ತಣ್ಣಗಿರುವಾಗಲೇ ನೋಡಿಕೊಂಡು ಬಿಡಿ. ಬಿಸಿಯಾದ ಮೇಲೆ ಹೆಚ್ಚು ತೋರಿಸಿತು ಅಂತ ದಾರಿಯಲ್ಲಿ ಇಳಿಸಬೇಡಿ.

ಇದರ ನಡುವೆ ಒಂದು ಪ್ರಯೋಗ. ಹಳೇ ಲಾರಿಯವರ ಹಾಗೆ ಕ್ಯಾನ್ವಾಸ್ ನೀರಿನ ಚೀಲವನ್ನು ಮುಂದಿನ ಬಂಪರಿಗೆ ಕಟ್ಟಿದ್ದೆ. ಐಸ್ ಡಬ್ಬಿಗೆ ಎಂಟುನೂರು ಕೊಟ್ಟಿದ್ದೆ, ಅದರ ಐಸು ಬಳ್ಳಾರಿಯಲ್ಲೇ ನೀರಾಗಿತ್ತು. ಚೀಲದ ನೀರು ಹಿರಿಯೂರಿನಲ್ಲೂ ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ತಂಪು. ಕೇರಳದಲ್ಲಿ ಮಾತ್ರ ಅದು ಕೆಲಸ ಮಾಡಲಿಲ್ಲ. ಗಾಳಿಯಲ್ಲೇ ನೀರಿದ್ದರೆ ಚೀಲ ಒಣಗುವುದೆಲ್ಲಿ, ತಂಪಾಗುವುದೆಲ್ಲಿ.

ಬಂಡೀಪುರದ ಹೆದ್ದಾರಿ 2009ರಿಂದಲೂ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಮೈಸೂರಲ್ಲಿ ಮಲಗಿ, ಆರಕ್ಕೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಿ. ದಾರಿಯಲ್ಲಿ ಆನೆ, ಜಿಂಕೆ ಕಾಣುವುದು ಆ ಮೊದಲ ಒಂದು ಗಂಟೆಯಲ್ಲೇ. ಸಫಾರಿಗೆ ದುಡ್ಡು ಹಾಕಲಿಲ್ಲ, ನಮ್ಮ ಪಾಲಿನ ಆನೆ ರಸ್ತೆಯ ಬದಿಯಲ್ಲೇ ಸಿಕ್ಕಿತು. ಗಾಡಿ ನಿಲ್ಲಿಸಲಿಲ್ಲ, ಇಳಿಯಲಿಲ್ಲ. ಮುಂದೆ ಮುದುಮಲೈ, ತೆಪ್ಪಕಾಡು. ಅಲ್ಲಿಂದ ಊಟಿಗೆ ಎರಡು ದಾರಿ. ಮಸಿನಗುಡಿ ಕಡೆಯ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವು. ಐದು ಜನ, ಸಾಮಾನು, ಮೇಲೆ ಕ್ಯಾರಿಯರ್ ಇದ್ದ ನಮ್ಮ ಎರ್ಟಿಗಾವನ್ನು ನಾನು ಗೂಡಲೂರು ಕಡೆಯಿಂದ ಹತ್ತಿಸಿದೆ. ದೂರ ಹೆಚ್ಚಾದರೂ ಇಂಜಿನ್ ಕಾವು ಮುಳ್ಳು ನಡುವೆಯೇ ನಿಂತಿತ್ತು. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ದುಡ್ಡಿಲ್ಲ, ಆದರೆ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಇದೆ. ಮನೆಯಲ್ಲೇ ತೆಗೆದುಕೊಂಡು ಹೊರಡಿ. ನೀರಿನ ಪ್ಲಾಸ್ಟಿಕ್ ಬಾಟಲಿ ಒಯ್ಯುವಂತಿಲ್ಲ, ಸ್ಟೀಲ್ ಬಾಟಲಿ ಇರಲಿ. ನೀಲಗಿರಿಯಲ್ಲಿ ನಾನು ಟೆಂಟ್ ಬಿಚ್ಚಲೇ ಇಲ್ಲ. ಆನೆ, ಕಾಟಿ (ಕಾಡುಕೋಣ) ಓಡಾಡುವ ಸೀಮೆ. ಕೋಣೆಗೆ 1,800 ಕೊಟ್ಟೆ, ಇಡೀ ಪ್ರವಾಸದಲ್ಲಿ ನನಗೆ ತುಟ್ಟಿ ಅನಿಸಿದ ರಾತ್ರಿ ಅದೊಂದೇ.

ಟೆಂಟಿನ ನಿಜವಾದ ಸುಖ ಮುನ್ನಾರಿನಾಚೆ ವಟ್ಟವಾಡ ಅನ್ನುವ ಹಳ್ಳಿಯಲ್ಲಿ. ಕೊಯಮತ್ತೂರು, ಉಡುಮಲೈಪೇಟೆ ದಾಟಿ ಚಿನ್ನಾರ್ ಕಾಡಿನಲ್ಲಿ ಹತ್ತಬೇಕು. ಅದು ಮಳೆ ನೆರಳಿನ ಪ್ರದೇಶ, ಒಣ ಕುರುಚಲು, ಬಿಸಿಲು. ಹೆಂಡತಿ "ಇದಕ್ಕೆ ಇಷ್ಟು ದೂರ ಬರ್ಬೇಕಿತ್ತೇನ್ರೀ, ಯಾದಗಿರಿಗಿ ಹೋಗಿದ್ರ ಸಾಕಿತ್ತಲ್ಲ" ಅಂದಳು. ಮರಯೂರು ದಾಟಿ ಚಹಾ ತೋಟ ಶುರುವಾಗುವ ಹೊತ್ತಿಗೆ ಆ ಮಾತು ನಿಂತು ಸ್ವೆಟರ್ ಹುಡುಕಾಟ ನಡೆದಿತ್ತು. ಮುನ್ನಾರಿನಿಂದ ಟಾಪ್ ಸ್ಟೇಷನ್ ಮೇಲೆ ವಟ್ಟವಾಡಕ್ಕೆ ಹೋಗುವ ರಸ್ತೆ ಪಾಂಪಾಡುಂ ಶೋಲಾದ ಒಳಗಿನಿಂದಲೇ ಹಾಯುತ್ತದೆ. ಕೇರಳದ ಅತಿ ಚಿಕ್ಕ ರಾಷ್ಟ್ರೀಯ ಉದ್ಯಾನ ಅದು, ಒಂದೂವರೆ ಚದರ ಕಿಲೋಮೀಟರ್ ಕೂಡ ಇಲ್ಲ. ಕತ್ತಲಾಗುವ ಮೊದಲೇ ಚೆಕ್‌ಪೋಸ್ಟ್ ದಾಟಿಬಿಡಬೇಕು.

ವಟ್ಟವಾಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳು, ಬೆಳ್ಳುಳ್ಳಿ, ಎಲೆಕೋಸು, ಕ್ಯಾರೆಟ್. ಒಬ್ಬ ರೈತರ ಮನೆ ಹಿಂದಿನ ಪಾಳು ಮೆಟ್ಟಿಲಿಗೆ ರಾತ್ರಿಗೆ 600 ರೂಪಾಯಿ, ಬಚ್ಚಲು ಸೇರಿ. ಇಂಥ ಮನೆಗಳನ್ನು ಹೇಗೆ ಹುಡುಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎಲ್ಲರೂ ಅಲ್ಲಿಗೇ ಹೋದರೆ ಆ 600 ನಾಳೆ 2,000 ಆಗುತ್ತದೆ.

ಈ ಹೊತ್ತಿಗೆ ನನ್ನ ಟೆಂಟ್ ಬೇರೆ, 6,500ರದ್ದು, ಎರಡು ಪದರದ್ದು. ಚಿಂಚೋಳಿಯ ನಂತರ ಗೂಟಗಳನ್ನು ಕಮ್ಮಾರರ ಹತ್ತಿರ ಕಬ್ಬಿಣದ ಸಲಾಕೆಯಿಂದ ಮಾಡಿಸಿದ್ದೆ, ಒಂದಕ್ಕೆ ಹತ್ತು-ಹನ್ನೆರಡು ರೂಪಾಯಿ. ನಮ್ಮ ಗಟ್ಟಿ ನೆಲಕ್ಕೆ ಗೇಣುದ್ದದ ಗೂಟ ಸಾಕು. ಆದರೆ ವಟ್ಟವಾಡದ ಉತ್ತ ಮಣ್ಣಿನಲ್ಲಿ ಮೊದಲ ರಾತ್ರಿಯ ಗಾಳಿಗೆ ಅವು ಒಂದೊಂದಾಗಿ ಕಿತ್ತು ಬಂದವು. ಮರುದಿನ ಆ ರೈತರೇ ಮೊಳದುದ್ದದ ಕಟ್ಟಿಗೆ ಗೂಟ ಕೆತ್ತಿ ಕೊಟ್ಟರು. ಅವನ್ನು ಟೆಂಟಿಗೆ ಬೆನ್ನು ಮಾಡಿ ವಾರೆಯಾಗಿ ಹೊಡೆದೆವು, ಆಮೇಲೆ ಅಲುಗಲಿಲ್ಲ. ಈಗ ಎರಡೂ ಜಾತಿಯ ಗೂಟ ಇಟ್ಟುಕೊಂಡಿದ್ದೇನೆ.

ನೆಲಕ್ಕೆ ಹಾಸಲು ಗಂಜ್‌ನಲ್ಲಿ ತೊಗರಿ ಒಣಗಿಸುವವರು ಒಯ್ಯುವ ತಾಡಪತ್ರಿಯನ್ನೇ ತಂದಿದ್ದೆ. ಅದು ಟೆಂಟಿಗಿಂತ ದೊಡ್ಡದಿದ್ದರೆ ಮಳೆ ನೀರು ಅದರ ಮೇಲೆ ನಿಂತು ಟೆಂಟಿನ ಅಡಿಗೆ ಸೇರುತ್ತದೆ. ಸುತ್ತಲೂ ಒಂದು ಗೇಣು ಒಳಕ್ಕೆ ಮಡಚಿದ ಮೇಲೆ ಒಣ ನಿದ್ದೆ. ಮೇ ಎರಡನೆಯ ವಾರ ದಾಟಿತೆಂದರೆ ಕೃತ್ತಿಕಾ ಮಳೆ, ಗುಡ್ಡಗಳಲ್ಲಿ ಅದು ಮಧ್ಯಾಹ್ನದ ನಂತರ ಗುಡುಗಿಕೊಂಡೇ ಬರುತ್ತದೆ. ಎರಡು ಗಂಟೆಯೊಳಗೆ ಟೆಂಟ್ ನಿಂತಿರಬೇಕು. ಸ್ಲೀಪಿಂಗ್ ಬ್ಯಾಗಿಗೆ ಐದು ಜನರಿಗೆ ಎಂಟು ಸಾವಿರ ಆಗುತ್ತಿತ್ತು. ನಾವು ಒಯ್ದದ್ದು ಅವ್ವ ಹೊಲಿದ ಕೌದಿಗಳು. ಹದಿನೈದು ಡಿಗ್ರಿ ಥಂಡಿಗೆ ಅಡಿಗೊಂದು ಮೇಲೊಂದು ಕೌದಿ ಸಾಕಾಯಿತು. ಟೆಂಟಿನ ಕಿಂಡಿ ಮುಚ್ಚಿದರೆ ಉಸಿರಿನ ಹಬೆ ನೀರಾಗಿ ಕೌದಿ ಹಸಿಯಾಗುತ್ತದೆ, ಆಮೇಲೆ ಒಣಗಲು ಎರಡು ದಿನ ಬೇಕು. ಥಂಡಿ ಅನಿಸಿದರೂ ಕಿಂಡಿ ತೆರೆದೇ ಇರಲಿ.

ಬುತ್ತಿಯಲ್ಲಿ ನಮ್ಮನ್ನು ಯಾರೂ ಮೀರಿಸುವುದಿಲ್ಲ. ಖಡಕ್ ಜೋಳದ ರೊಟ್ಟಿ ಎರಡು ಡಬ್ಬಿ, ಸಜ್ಜೆ ರೊಟ್ಟಿ ಒಂದು ಡಬ್ಬಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹುರಿದ ಅವಲಕ್ಕಿ. ತೊಂದರೆ ಕೊಟ್ಟದ್ದು ತೊಗರಿ ಬ್ಯಾಳಿ. ಕಲಬುರಗಿ ತೊಗರಿ, ಭೌಗೋಳಿಕ ಗುರುತು ಸಿಕ್ಕ ಬ್ಯಾಳಿ, ಊರಲ್ಲಿ ತೆರೆದ ಪಾತ್ರೆಯಲ್ಲೂ ಬೆಣ್ಣೆಯಾಗುವಂಥದ್ದು. ವಟ್ಟವಾಡದಲ್ಲಿ ಗಂಟೆಗಟ್ಟಲೆ ಕುದಿಸಿದರೂ ಕಾಳು ಕಾಳಾಗಿಯೇ ಇತ್ತು. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಕಡಿಮೆ ಕಾವಿನಲ್ಲೇ, ಹಾಗಾಗಿ ಬೇಳೆಗೆ ಸಾಕಷ್ಟು ಶಾಖ ಸಿಗುವುದಿಲ್ಲ. ಗ್ಯಾಸ್ ಖರ್ಚಾಗುವುದು ನೋಡಿ ಅವ್ವನಿಗೆ ಸಿಟ್ಟು ಬಂತು. ಮರುದಿನ ಮೂರು ಬಗೆಯಲ್ಲಿ ಮಾಡಿ ನೋಡಿದೆ: ರಾತ್ರಿಯಿಡೀ ನೆನೆಸಿ, ಉಪ್ಪು-ಹುಣಸೆ ಹಾಕದೆ; ಕುದಿಯುವ ನೀರಿನೊಂದಿಗೆ ಥರ್ಮಾಸಿನಲ್ಲಿ ಮುಚ್ಚಿಟ್ಟು; ಮೂರು ಲೀಟರಿನ ಸಣ್ಣ ಕುಕ್ಕರಿನಲ್ಲಿ. ಗೆದ್ದದ್ದು ಕುಕ್ಕರ್. ಆದರೆ ಥರ್ಮಾಸಿನದು ನೀರು ಕುದಿಸಿದ್ದು ಬಿಟ್ಟರೆ ಗ್ಯಾಸೇ ಇಲ್ಲದೆ ಮುಕ್ಕಾಲು ಬೆಂದಿತ್ತು. ಎರಡನ್ನೂ ಕೂಡಿಸಿದರೆ ಕುಕ್ಕರಿಗೆ ಎರಡೇ ಸೀಟಿ ಸಾಕು. ಅಲ್ಲಿಯ ಹಸಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಆ ಬ್ಯಾಳಿಯನ್ನು ಮನೆಯೊಡತಿ ಕೇಳಿ ಹಾಕಿಸಿಕೊಂಡರು. ಊಟ ಮುಗಿದ ಮೇಲೆ ಒಂದು ಚೂರು ಆಹಾರವನ್ನೂ ಟೆಂಟಿನಲ್ಲಿ ಇಡಬೇಡಿ, ಎಲ್ಲ ಗಾಡಿಯೊಳಗೆ. ಕಾಡುಹಂದಿಗೆ ಶೇಂಗಾ ಹಿಂಡಿಯ ವಾಸನೆ ದೂರದಿಂದಲೇ ಗೊತ್ತಾಗುತ್ತದೆ.

ಎರವಿಕುಲಂ ನೀಲಗಿರಿ ತಾರ್ ಅನ್ನುವ ಕಾಡು ಮೇಕೆಗಳ ಮನೆ. ಮರಿ ಹಾಕುವ ಕಾಲಕ್ಕೆ ಫೆಬ್ರವರಿ, ಮಾರ್ಚ್ ಮುಚ್ಚಿ ಏಪ್ರಿಲ್‌ನಲ್ಲಿ ತೆಗೆಯುತ್ತಾರೆ. ಹಾಗಾಗಿ ಮೇ ತಿಂಗಳಿಗೆ ಹೋದವರಿಗೆ ಮರಿಗಳು ಕಾಣುವ ಸಂಭವ ಹೆಚ್ಚು. ನಮ್ಮ ಗಾಡಿ ಕೆಳಗೇ ನಿಲ್ಲಬೇಕು, ಮೇಲೆ ಇಲಾಖೆಯ ಬಸ್ಸು. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿ, ಬೆಳಗಿನ ಮೊದಲ ಪಾಳಿ ಹಿಡಿಯಿರಿ. ಹತ್ತು ಗಂಟೆಯ ನಂತರ ಮಂಜೂ ಜನವೂ ಸೇರಿ ಏನೂ ಕಾಣದು. 2,695 ಮೀಟರಿನ ಆನಮುಡಿ ಎದುರಿಗೆ, ತಾರ್‌ಗಳು ಹತ್ತು ಹೆಜ್ಜೆ ದೂರದಲ್ಲಿ ಹುಲ್ಲು ಮೇಯುತ್ತಿದ್ದವು. ಮಂಡಿನೋವಿನ ಅವ್ವ ಆ ರಸ್ತೆಯಲ್ಲಿ ನಿಧಾನಕ್ಕೆ ಮೇಲಿನ ತನಕ ನಡೆದಳು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಹೂ 2018ರಲ್ಲಿ ಅರಳಿತ್ತು, ಇನ್ನು 2030ಕ್ಕೆ. ಆ ಬುಕಿಂಗನ್ನೂ ನಾನೇ ಮಾಡುವವನು.

ವಾಪಸ್ ಸತ್ಯಮಂಗಲ, ದಿಂಬಂ ಘಾಟಿ, ಚಾಮರಾಜನಗರ. ಅಲ್ಲಿಂದ ಹಾಸನ, ಮೂಡಿಗೆರೆ ಮೇಲೆ ಕಳಸ. ಕಳಸದಲ್ಲಿ 1,500 ಮೀಟರಿನ ಗೆರೆಯನ್ನು ಸಡಿಲಿಸಿದೆ, ಮಳೆ ಬಿದ್ದು ನೆಲ ತಣ್ಣಗಾಗಿತ್ತು. ಟೆಂಟ್ ನಿಂತದ್ದು ಕಾಫಿ ಒಣಗಿಸುವ ಕಣದಲ್ಲಿ. ಕೊಯ್ಲು ಮುಗಿದಿರುವುದರಿಂದ ಮೇ ತಿಂಗಳಲ್ಲಿ ಕಣ ಖಾಲಿ, ಸಮತಟ್ಟು, ಶುಚಿ. ಸಿಮೆಂಟಿಗೆ ಗೂಟ ಹೊಡೆಯಲಾಗದು, ನಾಲ್ಕು ಮೂಲೆಗೆ ಸಿಮೆಂಟ್ ಇಟ್ಟಿಗೆ ಕಟ್ಟಿದೆ. ಒಳಗೆ ಕೌದಿ ಇನ್ನೊಂದು ಹೆಚ್ಚು ಹಾಸಬೇಕು, ಅಷ್ಟೇ. ಕುದುರೆಮುಖದ ಚಾರಣವನ್ನು ಬ್ಯಾಸಗಿಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ನಿಲ್ಲಿಸುವುದುಂಟು, ವಿಚಾರಿಸಿಯೇ ಹೋಗಿ. ನಾವು ರಸ್ತೆಯ ಮೇಲಿಂದ ನೋಡಿದೆವು. ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದು ಚೀಟಿ ಕೊಡುತ್ತಾರೆ, ಆ ಅವಧಿಯೊಳಗೆ ಇನ್ನೊಂದು ತುದಿ ಮುಟ್ಟಬೇಕು. ಇಲ್ಲಿಯ ಕಬ್ಬಿಣದ ಅದಿರಿನ ಗಣಿ ನಿಂತದ್ದು 2005ರ ಕೊನೆಗೆ. ಆ ಕಬ್ಬಿಣದ ಊರಿನ ಖಾಲಿ ಮನೆಗಳ ಸುತ್ತ ಈಗ ಹಸಿರು ಹಬ್ಬಿದೆ. ಭದ್ರೆ ಹುಟ್ಟುವುದು ಈ ಗುಡ್ಡಸಾಲಿನಲ್ಲೇ. ನಾವು ಹೋಗುವಾಗ ಸಿಂಧನೂರಿನಾಚೆ ದಾಟಿದ ನೀರು ಇಲ್ಲಿಂದ ಬಂದದ್ದು ಅಂತ ಮಕ್ಕಳಿಗೆ ಹೇಳಿದೆ, ಮಗಳು ಶಾಲೆಯ ನಕಾಶೆಯಲ್ಲಿ ಗೆರೆ ಎಳೆದಿಟ್ಟಿದ್ದಾಳೆ. ಮೊದಲ ಮಳೆಗೆ ಇಂಬಳ (ಜಿಗಣೆ) ಏಳುತ್ತವೆ. ಅವ್ವನ ಚಂಚಿಯೊಳಗಿನ ಸುಣ್ಣ, ತಂಬಾಕು ಕಾಲಿಗೆ ಸವರಿದ್ದಕ್ಕೆ ಒಂದೂ ಹತ್ತಲಿಲ್ಲ. ಪೇಟೆಯಲ್ಲಿ ಕೊಂಡ 250ರ ಸ್ಪ್ರೇ ಮುಚ್ಚಳ ತೆಗೆಯದೆ ವಾಪಸ್ ಬಂತು.

ಲೆಕ್ಕ ನೆನಪಿನ ಮೇಲೆ ಹೇಳುತ್ತೇನೆ. ಎಲ್ಲ ಸೇರಿ 2,500 ಕಿಲೋಮೀಟರ್ ಆಸುಪಾಸು, ಲೀಟರಿಗೆ ಹದಿನೈದು ಕೊಟ್ಟಿತು, ಪೆಟ್ರೋಲ್ 17,000. ಟೋಲ್ ಎರಡು ಸಾವಿರದೊಳಗೆ. ಹಿತ್ತಲು, ಕಣ, ಕೋಣೆ, ಹಗಲು ಲಾಡ್ಜ್ ಎಲ್ಲ ಕೂಡಿ ಎಂಟು ಸಾವಿರ. ಉದ್ಯಾನದ ಟಿಕೆಟ್, ಬಸ್ಸು ಎರಡೂವರೆ ಸಾವಿರ. ತರಕಾರಿ, ಹಾಲು, ಗ್ಯಾಸ್, ದಾರಿಯ ಚಹಾ-ತಿಂಡಿ ಆರು ಸಾವಿರ. ಉಳಿದದ್ದು ಮಕ್ಕಳ ಕೈಖರ್ಚು ಮತ್ತು ಮರಯೂರಿನ ಬೆಲ್ಲ. ಟೆಂಟ್, ಗೂಟ, ತಾಡಪತ್ರಿಯ ಹತ್ತು ಸಾವಿರ ಬೇರೆ, ಅದು ಐದಾರು ವರ್ಷಕ್ಕೆ ಹಂಚಿಹೋಗುತ್ತದೆ. ಮುಂದಿನ ಮೇಗೆ ಹೊರಡುವವರು ಮಾರ್ಚ್ ಮುಗಿಯುವುದರೊಳಗೆ ಖಡಕ್ ರೊಟ್ಟಿಗೆ ಹೇಳಿಡಿ. ಮದುವೆ ಸೀಸನ್ ಶುರುವಾದ ಮೇಲೆ ರೊಟ್ಟಿ ಮಾಡುವ ಅಕ್ಕಂದಿರ ಕೈ ಬಿಡುವಿರುವುದಿಲ್ಲ.